ಮನೆ ಕಟ್ಟುವ ಕೈ ಬದಲಾಗಿದೆ
(ಸಂಘದ ಬೆಳ್ಳಿಹಬ್ಬದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



'ಖಾಸಗಿಯವರು ಕಟ್ಟುವ ಹೊಸ ಮನೆಗಳು' ಎಂಬ ವಿಷಯ ಕೊಟ್ಟಿದ್ದೀರಿ. ನಾನು ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಇಟ್ಟಿಗೆ ಸಿಮೆಂಟಿನ ಲೆಕ್ಕ ಬಲ್ಲವನು, ಆದರೂ ಸೈಟಿನ ವಿಷಯದಲ್ಲಿ ಒಮ್ಮೆ ಮೋಸ ಹೋದವನು. ಎರಡನ್ನೂ ಮುಚ್ಚಿಡದೆ ಹೇಳುತ್ತೇನೆ.

ನಾವು ಚಿಕ್ಕವರಿದ್ದಾಗ ಮನೆ ಕಟ್ಟುವುದೆಂದರೆ ಊರಿನ ಕೆಲಸ. ಕೆರೆ ಮಣ್ಣು, ಹೊಲದ ಕಲ್ಲು, ಹಿತ್ತಲಿನ ಹಲಸಿನ ಮರ. ಆಳಿಗೆ ಮುಯ್ಯಾಳು. ಹೊರಗಿನಿಂದ ಬರುತ್ತಿದ್ದುದು ಮಂಗಳೂರು ಹೆಂಚು ಒಂದೇ. ೧೮೬೦ರ ದಶಕದಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಶುರು ಮಾಡಿದ ಆ ಹೆಂಚು ನೂರು ವರ್ಷ ನಮ್ಮನ್ನು ಕಾಪಾಡಿತು. ಈಗ ಚದರಕ್ಕೆ ಇಷ್ಟು ಅಂತ ಗುತ್ತಿಗೆ. ಕಾಲಮ್ಮು, ಸಿಮೆಂಟ್ ಬ್ಲಾಕು, ಎಂ-ಸ್ಯಾಂಡು, ಮೇಲೆ ಮೋಲ್ಡು. ಮನೆ ಗಟ್ಟಿಯಾಯಿತು, ಸೋರುವುದು ಕಡಿಮೆಯಾಯಿತು, ಅದು ಒಳ್ಳೆಯದೇ. ಆದರೆ ಮನೆಯ ಪ್ರತಿಯೊಂದು ಸಾಮಾನಿಗೂ ಕೈಯಿಂದ ದುಡ್ಡು ಬಿಚ್ಚಬೇಕಾಯಿತು.

ಪಟ್ಟಣದಲ್ಲಿ ಇದಕ್ಕಿಂತ ದೊಡ್ಡ ಬದಲಾವಣೆ. ಸಹಕಾರದ ಮಾತು ಬಂದಾಗ ನೆನೆಯಲೇಬೇಕು. ೧೯೦೫ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ನಾಲ್ಕೇ ವರ್ಷಕ್ಕೆ, ೧೯೦೯ರಲ್ಲಿ, ಬೆಂಗಳೂರಿನಲ್ಲಿ ಮನೆ ಕಟ್ಟಲೆಂದೇ ಒಂದು ಸಹಕಾರ ಸಂಘ ಹುಟ್ಟಿತು. ಮುಂದೆ ಸೈಟು ಬೇಕೆಂದರೆ ಗೃಹ ನಿರ್ಮಾಣ ಸಂಘ, ಇಲ್ಲವೇ ಸರ್ಕಾರದ ಪ್ರಾಧಿಕಾರ ಅನ್ನುವ ಕಾಲವಿತ್ತು. ೧೯೯೧ರ ಆರ್ಥಿಕ ಸುಧಾರಣೆಯ ನಂತರ ಕಂಪ್ಯೂಟರ್ ಕಂಪನಿಗಳು ಬೆಳೆದವು, ಬ್ಯಾಂಕುಗಳು ಗೃಹಸಾಲವನ್ನು ಧಾರಾಳವಾಗಿ ಕೊಡತೊಡಗಿದವು. ಆಗ ಖಾಸಗಿ ಬಿಲ್ಡರುಗಳು ಮುಂದೆ ಬಂದರು. ಜಮೀನಿನವರದು ಜಾಗ, ಬಿಲ್ಡರದು ಬಂಡವಾಳ, ಕಟ್ಟಿದ ಮನೆಗಳಲ್ಲಿ ಇಬ್ಬರಿಗೂ ಪಾಲು ಎಂಬ ಜಂಟಿ ಕರಾರು ರೂಢಿಗೆ ಬಂತು. ಹೊಲವಿದ್ದ ಕಡೆ ಅಪಾರ್ಟ್‌ಮೆಂಟು, ತೋಪಿದ್ದ ಕಡೆ ಬಡಾವಣೆ. ಇವತ್ತು ಆ ಅಳತೆಯ ಸರಪಳಿ ನಮ್ಮ ಹಳ್ಳಿಗಳ ಬದುವಿನವರೆಗೂ ಬಂದಿದೆ.

ಇನ್ನು ನನ್ನ ಕಥೆ. ೧೯೯೬ರಲ್ಲಿ ಒಂದು ಖಾಸಗಿ ಬಡಾವಣೆಯಲ್ಲಿ ೩೦/೪೦ರ ಸೈಟು ತಗೊಂಡೆ. ಅಪ್ಪ ಅರ್ಧ ಎಕರೆ ಗದ್ದೆ ಮಾರಿ ದುಡ್ಡು ಕೊಟ್ಟರು. ಬಣ್ಣದ ನಕ್ಷೆ ತೋರಿಸಿದರು, ಪಾರ್ಕು ತೋರಿಸಿದರು. ಜಮೀನು ಭೂಪರಿವರ್ತನೆ ಆಗಿದೆಯೇ ಅಂತ ನಾನು ಕೇಳಲಿಲ್ಲ. ಆಗಿರಲಿಲ್ಲ. ಖಾತೆಯಾಗಲಿಲ್ಲ, ಸಾಲ ಸಿಗಲಿಲ್ಲ, ಮನೆ ಏಳಲಿಲ್ಲ. ಅಪ್ಪ ಇರುವವರೆಗೂ "ಸೈಟು ಏನಾಯ್ತಪ್ಪಾ?" ಅಂತ ಕೇಳುತ್ತಿದ್ದರು. ಅವರಿಗೆ ಹೇಳಲು ನನ್ನ ಹತ್ತಿರ ಉತ್ತರ ಇರಲಿಲ್ಲ. ಊರವರ ಕೆಲಸಕ್ಕೆ ಅಳತೆ ಪುಸ್ತಕ ಬರೆದವನು, ನನ್ನ ಸೈಟಿನ ಪಹಣಿ ನೋಡಲಿಲ್ಲ.

ಆದ್ದರಿಂದ ಕೈಮುಗಿದು ಹೇಳುತ್ತೇನೆ, ಮುಂಗಡ ಕೊಡುವ ಮುಂಚೆ ಕಾಗದ ನೋಡಿ. ೧೯೬೪ರ ಭೂಕಂದಾಯ ಕಾಯಿದೆಯ ೯೫ನೇ ಕಲಮಿನಂತೆ ಪರಿವರ್ತನೆ ಆದೇಶ, ಅನುಮೋದಿತ ನಕ್ಷೆ, ಋಣಭಾರ ಪತ್ರ, ಹಳ್ಳಿಯಾದರೆ ಪಂಚಾಯಿತಿಯ ಖಾತೆ ಪತ್ರ. ನನ್ನ ಕಾಲದಲ್ಲಿ ಇಲ್ಲದ ಒಂದು ಅನುಕೂಲ ಈಗ ಇದೆ. ೨೦೧೬ರ ರೇರಾ ಕಾಯಿದೆ ೨೦೧೭ರಿಂದ ಪೂರ್ತಿ ಜಾರಿಯಲ್ಲಿದೆ. ಯೋಜನಾ ಪ್ರದೇಶದ ದೊಡ್ಡ ಅಪಾರ್ಟ್‌ಮೆಂಟು, ಬಡಾವಣೆಗಳು ನೋಂದಣಿಯಾಗದೆ ಮಾರಾಟಕ್ಕೆ ಇಳಿಯುವಂತಿಲ್ಲ. ಕರಾರು ನೋಂದಾಯಿಸದೆ ಬೆಲೆಯ ಶೇ. ೧೦ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಕೊಳ್ಳುವವರಿಂದ ಬಂದ ಹಣದಲ್ಲಿ ಶೇ. ೭೦ ಪ್ರತ್ಯೇಕ ಖಾತೆಯಲ್ಲಿ ಇರಬೇಕು. ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದವರೆಗೆ ಬಿಲ್ಡರೇ ಸರಿಪಡಿಸಿಕೊಡಬೇಕು. ಯೋಜನಾ ಪ್ರದೇಶದ ಹೊರಗಿನ ಹಳ್ಳಿ ಬಡಾವಣೆಗಳಿಗೆ ಈ ನೋಂದಣಿ ಸಾಮಾನ್ಯವಾಗಿ ಕಡ್ಡಾಯವಲ್ಲ. ಅಲ್ಲಿ ನಮಗೆ ಕಾಗದವೇ ಕಾವಲು.

ಎರಡನೆಯದು ಸಾಲ. ಬೆಂಗಳೂರಿನಲ್ಲಿರುವ ಮಗ ಫ್ಲ್ಯಾಟು ತಗೋತೀನಿ ಅಂತಾನೆ, ಮುಂಗಡಕ್ಕೆ ಅಪ್ಪ ತೋಟ ಅಡವಿಡುತ್ತಾರೆ. ಕೊಡಬೇಡಿ ಅನ್ನುವುದಿಲ್ಲ, ಲೆಕ್ಕ ಹಾಕಿ ಕೊಡಿ. ೨೦ ಲಕ್ಷ ಸಾಲ, ಶೇ. ೯ ಬಡ್ಡಿ, ೨೦ ವರ್ಷ ಅವಧಿ ಅಂದರೆ ತಿಂಗಳ ಕಂತು ಸುಮಾರು ೧೮,೦೦೦ ರೂಪಾಯಿ. ಒಟ್ಟು ಕಟ್ಟುವುದು ಸುಮಾರು ೪೩ ಲಕ್ಷ. ಅದೇ ಸಾಲವನ್ನು ೧೫ ವರ್ಷಕ್ಕೆ ತೀರಿಸಿದರೆ ಕಂತು ಸುಮಾರು ೨೦,೩೦೦, ಒಟ್ಟು ೩೬ೂವರೆ ಲಕ್ಷ. ತಿಂಗಳಿಗೆ ೨,೩೦೦ ರೂಪಾಯಿ ಹೆಚ್ಚು ಕಟ್ಟಿದವನಿಗೆ ಆರೂವರೆ ಲಕ್ಷಕ್ಕೂ ಹೆಚ್ಚು ಉಳಿತಾಯ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದವರು ಬ್ಯಾಂಕಿನವರಲ್ಲ, ನಮ್ಮ ಅಜ್ಜಿಯರು.

ಮೂರನೆಯದು, ಊರಲ್ಲೇ ಕಟ್ಟುವವರಿಗೆ. ಪಕ್ಕದ ಮನೆಯವರು ಹದಿನೈದು ಚದರ ಕಟ್ಟಿದರು ಅಂತ ನಾವು ಇಪ್ಪತ್ತು ಚದರ ಕಟ್ಟಬೇಕಾಗಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿ ಶುರುವಾದ 'ಅಸ್ತ್ರ' ಕೇಂದ್ರದವರು ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ, ಯಂತ್ರದಲ್ಲಿ ಒತ್ತಿ, ಸುಡದೆಯೇ ಗಟ್ಟಿ ಇಟ್ಟಿಗೆ ಮಾಡುವುದನ್ನು ತೋರಿಸಿಕೊಟ್ಟಿದ್ದಾರೆ. ಮಣ್ಣು ಹೊಂದುವ ಕಡೆ ಅದನ್ನು ವಿಚಾರಿಸಿ ನೋಡಿ. ಮೋಲ್ಡು ಹಾಕಿದ ಮೇಲೆ ಕನಿಷ್ಠ ಹತ್ತು ದಿನ ನೀರು ನಿಲ್ಲಿಸಿ. ಮೇಸ್ತ್ರಿ ಮರೆಯಬಹುದು, ಮನೆ ಯಜಮಾನ ಮರೆಯಬಾರದು.

ಕೊನೆಯದಾಗಿ ಆಡಳಿತ ಮಂಡಳಿಗೆ ಒಂದು ವಿನಂತಿ. ತಿಂಗಳಿಗೆ ಒಂದು ದಿನ ವಕೀಲರೊಬ್ಬರನ್ನು ಕರೆಸಿ, ಸದಸ್ಯರ ಸೈಟು, ಮನೆ ಕಾಗದಗಳನ್ನು ಸಂಘದ ಕಚೇರಿಯಲ್ಲೇ ನೋಡಿಸುವ ಏರ್ಪಾಡು ಮಾಡಿ. ನಾನೂ ಬಂದು ಕೂರುತ್ತೇನೆ, ಎಸ್ಟಿಮೇಟು ನೋಡಿಕೊಡುತ್ತೇನೆ, ಸಂಭಾವನೆ ಬೇಡ. ಮುಯ್ಯಾಳಿನ ಕಾಲ ಹೋಯಿತು ಅಂತ ಕೊರಗುವುದಕ್ಕಿಂತ, ಕಾಗದ ನೋಡುವುದರಲ್ಲಾದರೂ ಒಬ್ಬರಿಗೊಬ್ಬರು ಮುಯ್ಯಿ ತೀರಿಸೋಣ. ನನ್ನ ಅಪ್ಪನಂತೆ ಮತ್ತೊಬ್ಬ ಅಪ್ಪ ಗದ್ದೆ ಮಾರಿ ಕಾಯುತ್ತಾ ಕೂರುವುದು ಬೇಡ.