ಟೇಪಿನ ಅಂಟು ಬಿಡಿಸುವ ಬಗೆ

ದಿಂಬಂ ಘಾಟಿಯ 27 ತಿರುವು ಹತ್ತಿ ನಮ್ಮ ತಾಳವಾಡಿಗೆ ಬರುವ ಬಸ್ಸಿನಂಥ ಪ್ಲಾಸ್ಟಿಕ್ ಮಾದರಿಗೆ ನಿಮ್ಮ ಮಕ್ಕಳು ಎರಡು ಬಣ್ಣ ಬಳಿಯುತ್ತಾರೆ ಎನ್ನಿ. ಗೆರೆ ನೇರ ಬರಲು ಮಾಸ್ಕಿಂಗ್ ಟೇಪ್ ಬೇಕು. 1925ರಲ್ಲಿ ಅಮೆರಿಕದ ರಿಚರ್ಡ್ ಡ್ರೂ ಇದನ್ನು ರೂಪಿಸಿದ್ದೇ ಕಾರಿಗೆ ಎರಡು ಬಣ್ಣ ಬಳಿಯುವವರಿಗಾಗಿ. ಟೇಪನ್ನು ಬಹಳ ದಿನ ಬಿಟ್ಟರೆ ಅಂಟು ಬಣ್ಣಕ್ಕೆ ಕಚ್ಚಿಕೊಳ್ಳುತ್ತದೆ.

ಆಗ ಉಗುರುಬಣ್ಣ ತೆಗೆಯುವ ದ್ರವ ಮುಟ್ಟಬೇಡಿ. ಅದರಲ್ಲಿ ಅಸಿಟೋನ್ ಇದ್ದರೆ ಬಣ್ಣವಷ್ಟೇ ಅಲ್ಲ, ಪ್ಲಾಸ್ಟಿಕ್ಕೂ ಕರಗೀತು. ಮಗುವಿನ ತಿಂಗಳ ದುಡಿಮೆ ಕ್ಷಣದಲ್ಲಿ ಹಾಳು. ಹೊಸ ಟೇಪಿನ ತುಂಡನ್ನು ಅಂಟಿನ ಮೇಲೆ ಒತ್ತಿ, ಮೆಲ್ಲಗೆ ಎತ್ತಿ. ಅಂಟು ಅಂಟನ್ನೇ ಹಿಡಿದು ಬರುತ್ತದೆ. ಉಳಿದುದಕ್ಕೆ ಹತ್ತಿಯಲ್ಲಿ ಒಂದು ತೊಟ್ಟು ಕೊಬ್ಬರಿ ಎಣ್ಣೆ ಸಾಕು. ಮೊದಲು ಕಾಣದ ತಳದಲ್ಲಿ ಪರೀಕ್ಷಿಸಿ ನೋಡಿ. ಆಮೇಲೆ ಸಾಬೂನು ನೀರಿನಿಂದ ತೊಳೆಯಿರಿ. ಜಿಡ್ಡು ಉಳಿದರೆ ಮುಂದಿನ ಬಣ್ಣ ಹಿಡಿಯದು.