ಐದು ಸಾವಿರ ಕೋಟಿ ನೊಣ ಸಾಕಿದವರು

ಸಂತೆಯಿಂದ ತಂದ ಹಾಗಲಕಾಯಿ ಹೆಚ್ಚೋಕೆ ಕೂರ್ತೀರಿ. ಹೊರಗೆ ಚೆನ್ನಾಗಿದೆ, ಒಳಗೆ ಬಿಳಿ ಹುಳ. ಥೂ ಅಂತ ಬಿಸಾಕ್ತೀರಿ. ನಿಮಗೆ ಹೋಗಿದ್ದು ಒಂದು ಕಾಯಿ. ಬೆಳೆದವನಿಗೆ ಹೋಗಿದ್ದು ಸಾಲ ತೀರಿಸೋ ದಾರಿ.

ಇದು ಹಣ್ಣು ನೊಣದ ಮರಿ. ಇದೇ ನೊಣ ಜಪಾನಿನ ಒಕಿನಾವಾ ದ್ವೀಪಗಳನ್ನೂ ಕಾಡಿತ್ತು. ಅಲ್ಲಿನವರಿಗೂ ಹಾಗಲಕಾಯಿ ಅಂದ್ರೆ ಪ್ರಾಣ, ‘ಗೋಯಾ’ ಅಂತಾರೆ. ಆದರೆ ನೊಣ ಹರಡುತ್ತೆ ಅಂತ ಜಪಾನಿನ ಉಳಿದ ಭಾಗಕ್ಕೆ ಅದನ್ನು ಕಳಿಸೋ ಹಾಗಿರಲಿಲ್ಲ. ತಮ್ಮದೇ ದೇಶದಲ್ಲಿ ತಮ್ಮ ಬೆಳೆಗೆ ಮಾರುಕಟ್ಟೆ ಬಂದ್!

ಆಗ ಅವರು ಏನು ಮಾಡಿದ್ರು ಗೊತ್ತಾ? ನೊಣ ಸಾಕಿದ್ರು! ಕಾರ್ಖಾನೆ ಕಟ್ಟಿ, ಕೋಟಿಗಟ್ಟಲೆ.

ಅಮೆರಿಕದ ಕೀಟ ವಿಜ್ಞಾನಿ ಎಡ್ವರ್ಡ್ ನಿಪ್ಲಿಂಗ್ ಕೊಟ್ಟ ಉಪಾಯ ಇದು. ರೆಕ್ಕೆ ಬರೋ ಮುಂಚೆ, ಕೋಶದಲ್ಲಿರುವಾಗಲೇ ನೊಣಕ್ಕೆ ಕೋಬಾಲ್ಟ್-60ರ ಗಾಮಾ ಕಿರಣ ಹಾಯಿಸ್ತಾರೆ. ನೊಣ ಸಾಯಲ್ಲ, ಅದರಿಂದ ವಿಕಿರಣವೂ ಹೊಮ್ಮಲ್ಲ. ಸಂತಾನಶಕ್ತಿ ಮಾತ್ರ ಹೋಗುತ್ತೆ. ಇಂಥ ಗಂಡನ್ನು ಕೂಡಿದ ಹೆಣ್ಣು ಇಟ್ಟ ಮೊಟ್ಟೆ ಮರಿಯಾಗಲ್ಲ. ಎಂಜಿನಿಯರಿಂಗ್ ಓದಿದ ನನಗೆ ಹಿಡಿಸಿದ್ದು ಇಲ್ಲಿನ ಅಳತೆ. ಕಿರಣ ಕಡಿಮೆಯಾದ್ರೆ ಸಂತಾನ ನಿಲ್ಲಲ್ಲ. ಜಾಸ್ತಿಯಾದ್ರೆ ಹೆಣ್ಣನ್ನು ಒಲಿಸಿಕೊಳ್ಳೋ ಕಸುವೇ ಇರಲ್ಲ.

ಮೊದಲು ಮೋಹಕ ಔಷಧಿಯಿಂದ ಕಾಡು ನೊಣಗಳನ್ನು ಕಡಿಮೆ ಮಾಡಿದ್ರು. ಆಮೇಲೆ ಹೆಲಿಕಾಪ್ಟರ್‌ನಿಂದ ಬಂಜೆ ನೊಣ ಬಿಟ್ರು. 1972ರಲ್ಲಿ ಕೆಲಸ ಶುರು. 1978ರಲ್ಲಿ ಕುಮೆ ಅನ್ನೋ ಒಂದು ಸಣ್ಣ ದ್ವೀಪ ಮುಕ್ತ. ಇಡೀ ಒಕಿನಾವಾ ಮುಕ್ತವಾಗಿದ್ದು 1993ರಲ್ಲಿ. ಬಿಟ್ಟ ನೊಣ ಐದು ಸಾವಿರ ಕೋಟಿಗೂ ಹೆಚ್ಚು. ಹೊರಗಿಂದ ಮತ್ತೆ ನುಗ್ಗದಿರಲಿ ಅಂತ ಆಮೇಲೂ ಬಿಡ್ತಾನೇ ಬಂದ್ರು.

ಒಪ್ತೀನಿ, ಅದು ದ್ವೀಪ, ಸುತ್ತ ಸಮುದ್ರದ ಬೇಲಿ. ನಮಗೆ ಆ ಬೇಲಿ ಇಲ್ಲ. ಆದರೆ ಒಂದು ಮಾತು ಎಲ್ಲ ಕಡೆಗೂ ಸತ್ಯ: ನೊಣಕ್ಕೆ ಪಹಣಿ, ಸರ್ವೆ ನಂಬರ್ ಗೊತ್ತಿಲ್ಲ. ನಿಮ್ಮ ಹೊಲಕ್ಕೆ ಮಾತ್ರ ಔಷಧಿ ಹೊಡೆದ್ರೆ ಅದು ಪಕ್ಕದವರ ಹೊಲದಿಂದ ವಾಪಸ್ ಬರುತ್ತೆ. ಮೋಹಕ ಬಲೆ ಕಟ್ಟೋದು, ಉದುರಿದ ಕಾಯಿ ಆರಿಸಿ ಹೂಳೋದು ಕೂಡ ಇಡೀ ಊರು ಸೇರಿ ಮಾಡಿದ್ರೇನೇ ಫಲ.

ಊರನ್ನು ಸೇರಿಸೋದು ಒಬ್ಬ ರೈತನ ಕೈಲಿ ಆಗಲ್ಲ, ಸರ್ಕಾರ ಮುಂದೆ ನಿಲ್ಲಬೇಕು. ಒಕಿನಾವಾದಲ್ಲಿ 21 ವರ್ಷ ನಿಂತಿತ್ತು. ಐದು ವರ್ಷಕ್ಕೊಮ್ಮೆ ವೋಟು ಕೇಳೋರು ಇಂಥ ಕೆಲಸಕ್ಕೆ ಕೈ ಹಾಕ್ತಾರಾ? ದಿನಕ್ಕೊಂದು ಬ್ರೇಕಿಂಗ್ ನ್ಯೂಸ್ ಹುಡುಕೋ ನಾವು ಅಷ್ಟು ವರ್ಷ ಅದರ ಬೆನ್ನು ಹತ್ತುತ್ತೀವಾ? ಈ ಎರಡನೇ ಪ್ರಶ್ನೆ ನನಗೇ.