ನೆಂಟರು ಬರುವ ಮುನ್ನ ಒಂದು ಡ್ರಿಲ್, ನಾಲ್ಕು ಗಿಟ್ಟಿ



ದೀಪಾವಳಿ ರಜೆಗೆ ಬರುವ ನೆಂಟರಿಗಾಗಿ ಮನೆಯನ್ನು ನಾವೇ ಹೇಗೆ ಸಜ್ಜು ಮಾಡಿಕೊಳ್ಳಬಹುದು ಎಂಬುದರ ಬಗ್ಗೆ ಮಾತನಾಡಬೇಕೆಂದು ಕಾರ್ಯದರ್ಶಿಯವರು ಫೋನ್ ಮಾಡಿದರು. "ಅಕ್ಕಾ, ಯಾವ ಮನೆ?" ಎಂದು ನಾನು ಮೊದಲು ಕೇಳಿದೆ. ಮನೆ ಅಲಂಕಾರದ ಪುಸ್ತಕಗಳೆಲ್ಲ 'ಅತಿಥಿ ಕೋಣೆ' ಎಂಬಲ್ಲಿಂದಲೇ ಶುರುವಾಗುತ್ತವೆ. ಬೈಕುಲ್ಲಾದ ನಮ್ಮ ಹಳೆಯ ಬಿಲ್ಡಿಂಗಿನಲ್ಲಿ ಇರುವುದು ಒಂದು ಹಾಲ್, ಒಂದು ಅಡುಗೆಮನೆ, ಒಂದು ಬಚ್ಚಲು. ಹಗಲು ಆ ಹಾಲ್ ನನ್ನ ಆಫೀಸು, ಸಂಜೆ ಮಗಳ ಶಾಲೆ, ರಾತ್ರಿ ಅದೇ ಅತಿಥಿ ಕೋಣೆ. ಇಲ್ಲಿ ಕುಳಿತಿರುವ ಹೆಚ್ಚಿನವರದೂ ಇದೇ ಕತೆ ಎಂದುಕೊಂಡಿದ್ದೇನೆ.

ಜಾಗ ಕಡಿಮೆ ಎಂದು ನೆಂಟರನ್ನು ಬೇಡವೆಂದವರಲ್ಲ ನಾವು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕಲಿತ ಹಿರಿಯರು ಒಂದೇ ಖೋಲಿಯಲ್ಲಿ ಎಂಟು ಹತ್ತು ಮಂದಿ ಇದ್ದುಕೊಂಡೂ ಊರಿನಿಂದ ಬಂದವನಿಗೆ ಒಂದು ಚಾಪೆಯ ಜಾಗ ಮಾಡಿಕೊಟ್ಟಿದ್ದಾರೆ. ಕರೆಯುವುದರಲ್ಲಿ ನಮಗೆ ಸಂಕೋಚವಿಲ್ಲ, ಸಂಕೋಚವಿರುವುದು ಬಂದವರಿಗೆ.

ಒಂದು ಸಂಗತಿ ಗಮನಿಸಿದ್ದೀರಾ? ಊರಿನಿಂದ ಬಂದ ಅಮ್ಮನೋ ಅತ್ತೆಯೋ ರಾತ್ರಿ ಊಟವಾದ ಮೇಲೆ ಒಂದು ಲೋಟ ನೀರು ಕೊಟ್ಟರೂ ಮುಟ್ಟುವುದಿಲ್ಲ. ನಮ್ಮ ಅತ್ತೆಯವರನ್ನು ಒಮ್ಮೆ ಕೇಳಿಯೇ ಬಿಟ್ಟೆ. "ಬಾಯಾರಿಕೆ ಇಲ್ಲ ಮಗಾ" ಎಂದರು. ಮತ್ತೆ ಕೇಳಿದಾಗ ಬಾಯಿ ಬಿಟ್ಟರು: "ಕತ್ತಲಲ್ಲಿ ಎದ್ದರೆ ಮಲಗಿದ ಮಗುವನ್ನು ತುಳಿಯುವುದೋ ಏನೋ. ಸ್ವಿಚ್ಚೂ ಗೊತ್ತಾಗುವುದಿಲ್ಲ. ಬೆಳಿಗ್ಗೆ ಆಫೀಸಿಗೆ ಹೋಗುವವರ ನಿದ್ದೆ ಯಾಕೆ ಕೆಡಿಸುವುದು?" ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವ ಹೆಂಗಸು ಹದಿನೈದು ದಿನ ರಾತ್ರಿ ಬಾಯಾರಿಕೆ ತಡೆದುಕೊಂಡು ಮಲಗುವುದೆಂದರೆ ಸಣ್ಣ ವಿಷಯವಲ್ಲ.

ಹಾಗಾಗಿ ಮನೆ ಸಜ್ಜಾಯಿತೇ ಇಲ್ಲವೇ ಎಂದು ನೋಡಲು ನನ್ನ ಪರೀಕ್ಷೆ ಒಂದೇ. ಬಂದವರು ಯಾರನ್ನೂ ಕೇಳದೆ, ಯಾರನ್ನೂ ಎಬ್ಬಿಸದೆ ತಮ್ಮ ಎಷ್ಟು ಕೆಲಸ ಮಾಡಿಕೊಳ್ಳಬಲ್ಲರು? ಹೊಸ ಕುಶನ್ ಕವರ್, ಬಾಗಿಲ ತೋರಣ ಎಲ್ಲ ಆಮೇಲೆ.

ಮೊದಲು ಬೆಳಕು. ಪ್ಲಗ್ಗಿಗೆ ಸಿಕ್ಕಿಸುವ ಅರ್ಧ ವ್ಯಾಟಿನ ರಾತ್ರಿ ದೀಪ ಸಾಕು. ದಿನಕ್ಕೆ ಹತ್ತು ಗಂಟೆ ಉರಿದರೂ ತಿಂಗಳಿಗೆ 0.15 ಯೂನಿಟ್, ಬೆಸ್ಟ್‌ನ ಬಿಲ್ಲಿನಲ್ಲಿ ಅದು ಕಣ್ಣಿಗೇ ಬೀಳುವುದಿಲ್ಲ. ಹಾಸಿಗೆಯಿಂದ ಬಚ್ಚಲಿನವರೆಗಿನ ದಾರಿ ಕಾಣುವಂತೆ ನೆಲದ ಹತ್ತಿರದ ಪ್ಲಗ್ಗಿಗೆ ಹಾಕಿ, ಮಲಗಿದವರ ಕಣ್ಣಿಗೆ ಹೊಡೆಯಬಾರದು.

ಆಮೇಲೆ ಸ್ವಿಚ್ ಬೋರ್ಡು. ನಮ್ಮ ಹಾಲಿನ ಬೋರ್ಡಿನಲ್ಲಿ ಎಂಟು ಸ್ವಿಚ್ಚುಗಳಿವೆ. 'ಫ್ಯಾನ್', 'ಬಚ್ಚಲ ದೀಪ', 'ಗೀಸರ್' ಎಂದು ಕನ್ನಡದಲ್ಲಿ ಚೀಟಿ ಬರೆದು, ಮೇಲೆ ಸೆಲ್ಲೋಟೇಪ್ ಅಂಟಿಸಿದೆವು. ಬರೆದದ್ದು ಎರಡನೇ ತರಗತಿಯ ನಮ್ಮ ಮಗಳು. ಅವಳ ಶಾಲೆಯಲ್ಲಿ ಇಂಗ್ಲಿಷ್, ಮರಾಠಿ, ಹಿಂದಿ ಇವೆ, ಕನ್ನಡವಿಲ್ಲ. 'ಬಚ್ಚಲ'ದ ಚ-ಒತ್ತಿಗೆ ಮೂರು ಚೀಟಿ ಹಾಳಾದವು. ಬಂದ ಅಜ್ಜಿ ಬ್ಯಾಗು ಕೆಳಗಿಡುವ ಮೊದಲೇ ಬೋರ್ಡು ಓದಿದರು.

ಅಡುಗೆಮನೆಯ ಬಾಗಿಲಿಗೂ ಒಂದು ಹಾಳೆ ಅಂಟಿಸಿದ್ದೇನೆ. ಮುನಿಸಿಪಾಲಿಟಿಯ ನೀರು ಬರುವ ಹೊತ್ತು, ಗ್ಯಾಸಿನ ರೆಗ್ಯುಲೇಟರ್ ಮುಚ್ಚುವ ಬಗೆ, ಪಕ್ಕದ ಮನೆಯವರ ಫೋನ್ ನಂಬರು, ರಾಣಿಬಾಗಿಗೆ ಬುಧವಾರ ರಜೆ ಎಂಬ ಸೂಚನೆ. ನಮ್ಮ ಐಟಿ ಭಾಷೆಯಲ್ಲಿ ಇದು ಡಾಕ್ಯುಮೆಂಟೇಶನ್. ಆಫೀಸಿನಲ್ಲಿ ಯಾರೂ ಓದುವುದಿಲ್ಲ, ಮನೆಯಲ್ಲಿ ಎಲ್ಲರೂ ಓದುತ್ತಾರೆ.

ಈಗ ಬಚ್ಚಲು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ಹಿರಿಯರು ಬೀಳುವುದು ಇಲ್ಲೇ. ನೆಲಕ್ಕೆ ಜಾರದ ರಬ್ಬರ್ ಮ್ಯಾಟ್, ಕುಳಿತು ಸ್ನಾನ ಮಾಡಲು ಗಟ್ಟಿ ಸ್ಟೂಲ್, ಕಮೋಡಿನ ಪಕ್ಕ ಸ್ಟೀಲಿನ ಹಿಡಿಕೆ. ಗೋಡೆಗೆ ಒತ್ತಿ ಅಂಟಿಸುವ ರಬ್ಬರ್ ಬಟ್ಟಲಿನ ಹಿಡಿಕೆಗಳೂ ಸಿಗುತ್ತವೆ. ಟವೆಲ್ ನೇತುಹಾಕಲು ಅವು ಸರಿ, ಅತ್ತೆಯವರ ಭಾರವನ್ನು ಅವುಗಳ ಮೇಲೆ ಬಿಡಬೇಡಿ. ಸ್ಕ್ರೂ ಹಾಕಿ ಕೂರಿಸುವ ಹಿಡಿಕೆಯೇ ಬೇಕು.

ಅದಕ್ಕೆ ಡ್ರಿಲ್ ಬೇಕು, ಡ್ರಿಲ್ಲಿಗೆ ಕಾರ್ಪೆಂಟರ್ ಬೇಕು, ದೀಪಾವಳಿಯ ಮುಂಚೆ ಕಾರ್ಪೆಂಟರ್ ಫೋನ್ ಎತ್ತುವುದಿಲ್ಲ. ನಾಗದೇವಿ ಸ್ಟ್ರೀಟಿಗೆ ಹೋಗಿ ಡ್ರಿಲ್ ಕೊಂಡೆ. ಅಂಗಡಿಯವನು "ಸಾಬ್ ಕೋ ಭೇಜೋ ಮ್ಯಾಡಮ್, ಸೈಜ್ ಗಲತ್ ಹೋ ಜಾಯೇಗಾ" ಎಂದ. ಎಂಟೆಕ್ ಮಾಡಿದ್ದು ಆ ದಿನ ಉಪಯೋಗಕ್ಕೆ ಬರಲಿಲ್ಲ, ಆದರೆ ಸೈಜ್ ನನಗೆ ಗೊತ್ತಿತ್ತು.

ನಮ್ಮ ಹಳೆಯ ಕಟ್ಟಡಗಳ ಗೋಡೆಯಲ್ಲಿ ಇಟ್ಟಿಗೆಯ ಮೇಲೆ ಗಾರೆಯ ದಪ್ಪ ಪದರವಿರುತ್ತದೆ. ಒಂದೂವರೆ ಇಂಚಿನ ಸ್ಕ್ರೂ ಹಾಕಿದರೆ ಅದು ಹಿಡಿಯುವುದು ಗಾರೆಯನ್ನು ಮಾತ್ರ. ಎರಡು ಸಲ ಎಳೆದರೆ ಗಾರೆಯೊಡನೆ ಕೈಗೆ ಬರುತ್ತದೆ. ಕೊರೆಯುವಾಗ ಬೀಳುವ ಪುಡಿಯನ್ನು ನೋಡುತ್ತಿರಿ. ಬಿಳಿ ಅಥವಾ ಬೂದು ಪುಡಿ ಬಂದರೆ ಇನ್ನೂ ಗಾರೆಯಲ್ಲೇ ಇದ್ದೀರಿ, ಕೆಂಪು ಪುಡಿ ಬಂದರೆ ಇಟ್ಟಿಗೆ ಸಿಕ್ಕಿತು. ಕೆಂಪು ಶುರುವಾದ ಮೇಲೂ ಒಂದೂವರೆ ಇಂಚು ಒಳಗೆ ಹೋಗಬೇಕು. ಎಷ್ಟು ಆಳವೆಂದು ತಿಳಿಯಲು ಬಿಟ್ಟಿಗೆ ಬಣ್ಣದ ಟೇಪ್ ಸುತ್ತಿಕೊಳ್ಳಿ. ಗಿಟ್ಟಿ, ಅಂದರೆ ಸ್ಕ್ರೂವನ್ನು ಹಿಡಿದಿಡುವ ಪ್ಲಾಸ್ಟಿಕ್ ತುಂಡು, ಪೂರ್ತಿ ಇಟ್ಟಿಗೆಯೊಳಗೆ ಕೂರಬೇಕು. ಬಚ್ಚಲಿನಲ್ಲಿ ಟೈಲ್ಸ್ ಇದ್ದರೆ ಗುರುತಿನ ಮೇಲೆ ಟೇಪ್ ಅಂಟಿಸಿ, ಟೈಲ್ಸಿನ ಬಿಟ್ ಹಾಕಿ, ಹ್ಯಾಮರ್ ಬಂದ್ ಇಟ್ಟು ನಿಧಾನ ಕೊರೆಯಿರಿ. ಟೈಲ್ಸ್ ದಾಟಿದ ಮೇಲೆ ಬಿಟ್ ಬದಲಿಸಿ. ಸ್ವಿಚ್ ಬೋರ್ಡಿನ ನೇರ ಮೇಲೆ ಕೆಳಗೆ, ನಲ್ಲಿಯ ನೇರ ಮೇಲೆ ಕೆಳಗೆ ಕೊರೆಯಲೇಬಾರದು. ವೈರು, ಪೈಪು ಅಲ್ಲೇ ಹೋಗಿರುತ್ತವೆ. ಪಕ್ಕದ ಮನೆಗೂ ನಮಗೂ ಇರುವ ತೆಳು ಗೋಡೆಯನ್ನು ಬಿಟ್ಟುಬಿಡಿ, ಅವರ ದೇವರ ಫೋಟೋ ಬಿದ್ದೀತು.

ಹಿಡಿಕೆಯ ಎತ್ತರ ಸಾಮಾನ್ಯವಾಗಿ ನೆಲದಿಂದ 33ರಿಂದ 36 ಇಂಚು. ಬರುವವರು ಗಿಡ್ಡವಾಗಿದ್ದರೆ ಊರಿಗೆ ವಿಡಿಯೋ ಕಾಲ್ ಮಾಡಿ ಅವರ ಮೊಣಕೈ ಎತ್ತರ ಅಳೆಸಿ, ಅದಕ್ಕಿಂತ ಸ್ವಲ್ಪ ಕೆಳಗೆ ಹಾಕಿ. ಕೂರಿಸಿದ ಮೇಲೆ ಮೊದಲು ಮನೆಯ ಅತಿ ಭಾರದ ವ್ಯಕ್ತಿ ಜೋತುಬಿದ್ದು ನೋಡಲಿ. ನಮ್ಮಲ್ಲಿ ಈ ಕೆಲಸ ಯಜಮಾನರದು.

ಬಚ್ಚಲ ಬಾಗಿಲು ಮಳೆಗಾಲದಲ್ಲಿ ಉಬ್ಬಿ ಚಿಲಕ ಕೂರದಿದ್ದರೆ ಗಂಡಸರಾದರೂ ಹೇಗೋ ಸುಧಾರಿಸುತ್ತಾರೆ, ಹೆಂಗಸರಿಗೆ ಅದು ಹಿಂಸೆ. ತಾಗುವ ಅಂಚಿಗೆ ಮರಳು ಕಾಗದ ಉಜ್ಜಿ. ಹತ್ತಡಿ ಹಿಡಿದು ಜಾಸ್ತಿ ತೆಗೆಯಬೇಡಿ, ಬೇಸಿಗೆಯಲ್ಲಿ ಮರ ಕುಗ್ಗಿದಾಗ ಸಂದು ಬೀಳುತ್ತದೆ. ಕಿರುಗುಟ್ಟುವ ತಿರುಗಣೆಗೆ ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ.

ಬಟ್ಟೆ ಬದಲಿಸಲು ಮರೆ ಬೇಕು. ಎರಡು ಗೋಡೆಗಳ ನಡುವೆ ಒತ್ತಿ ನಿಲ್ಲುವ ರಾಡಿಗೆ ಹಳೆಯ ಕಾಟನ್ ಸೀರೆ ಹಾಕಿದರೆ ಹಾಲಿನ ಒಂದು ಮೂಲೆ ಅವರದಾಗುತ್ತದೆ. ಆ ಮೂಲೆಯಲ್ಲಿ ನಾಲ್ಕು ಮೊಳೆ, ಒಂದು ಖಾಲಿ ಶೆಲ್ಫ್, ಬ್ಯಾಗಿಗೆ ಬಗ್ಗದೆ ಎಟುಕುವ ಜಾಗ.

ವಿದ್ಯುತ್ತಿನ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟು. ನೆಂಟರು ಹೆಚ್ಚಾದರೆ ಎಲ್ಲರ ಚಾರ್ಜರ್, ಇಸ್ತ್ರಿ, ಕೆಟಲ್ ಎಲ್ಲ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಬರುತ್ತವೆ. 1500 ವ್ಯಾಟಿನ ಕೆಟಲ್ ಒಂದೇ 230 ವೋಲ್ಟಿನಲ್ಲಿ ಆರೂವರೆ ಆಂಪಿಯರ್ ಎಳೆಯುತ್ತದೆ, ಸಣ್ಣ ಪ್ಲಗ್ಗಿನ ತಾಕತ್ತು ಆರು. ಕೆಟಲ್, ಇಸ್ತ್ರಿ ದೊಡ್ಡ ಪ್ಲಗ್ಗಿಗೇ, ಒಂದಾದ ಮೇಲೆ ಒಂದು. ವೈರಿಂಗ್ ಬದಲಿಸುವ ಕೆಲಸ ಯೂಟ್ಯೂಬ್ ನೋಡಿ ಮಾಡುವಂಥದ್ದಲ್ಲ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನನನ್ನೇ ಕರೆಸಿ.

ಇನ್ನೊಂದು ಮಾತು, ಇದು ಖುಷಿಯ ವಿಷಯವಲ್ಲ. ಹಬ್ಬ ಬಂತೆಂದರೆ ಗೋಡೆಯ ಬಿರುಕಿಗೆ ಪುಟ್ಟಿ ಹಚ್ಚಿ ಬಣ್ಣ ಬಳಿಯುವ ಆತುರ. ಕೂದಲೆಳೆಯಂಥ ಬಿರುಕಾದರೆ ಪರವಾಗಿಲ್ಲ. ಬೀಮ್, ಕಂಬ, ಸೀಲಿಂಗಿನಲ್ಲಿ ಬಿರುಕು ಅಗಲವಾಗುತ್ತಿದ್ದರೆ, ಕಬ್ಬಿಣ ಕಾಣುತ್ತಿದ್ದರೆ, ದಯವಿಟ್ಟು ಮುಚ್ಚಬೇಡಿ. ಫೋಟೋ ತೆಗೆಯಿರಿ, ಪಕ್ಕದಲ್ಲಿ ತಾರೀಕು ಬರೆಯಿರಿ, ಸೊಸೈಟಿಗೋ ಮನೆಯ ಮಾಲೀಕರಿಗೋ ಬರೆದು ಕೊಡಿ. ಸೆಸ್ ಕಟ್ಟಡವಾದರೆ ಮ್ಹಾಡಾದ ದುರಸ್ತಿ ಮಂಡಳಿಗೂ ಒಂದು ಅರ್ಜಿ ಹೋಗಲಿ. ಆ ಸೀಲಿಂಗಿನ ಕೆಳಗೆ ನೆಂಟರ ಹಾಸಿಗೆ ಹಾಕಬೇಡಿ, ನಿಮ್ಮದನ್ನೂ ಹಾಕಬೇಡಿ.

ಗೋಡೆಯ ತೇವಕ್ಕೂ ಬಣ್ಣ ಮದ್ದಲ್ಲ. ಒಂದು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಎರಡು ದಿನ ಬಿಟ್ಟು ನೋಡಿ. ಹಾಳೆಯ ಹಿಂದೆ ಹನಿ ಕಂಡರೆ ನೀರು ಗೋಡೆಯೊಳಗಿನದು, ಎಲ್ಲಿಂದ ಬರುತ್ತಿದೆ ಎಂದು ಹುಡುಕಬೇಕು. ಮುಂದೆ ಕಂಡರೆ ಕೋಣೆಯ ಹಬೆ, ಕಿಟಕಿ ತೆರೆದಿಟ್ಟರೆ ಎಷ್ಟೋ ಕಡಿಮೆಯಾಗುತ್ತದೆ. 1896ರ ಪ್ಲೇಗಿನ ನಂತರ 1898ರಲ್ಲಿ ಹುಟ್ಟಿದ ಇಂಪ್ರೂವ್‌ಮೆಂಟ್ ಟ್ರಸ್ಟ್ ಈ ನಗರದಲ್ಲಿ ಚಾಳ್‌ಗಳನ್ನು ಕಟ್ಟಿದ್ದೇ ಬಡವರ ಮನೆಗೂ ಗಾಳಿ ಬೆಳಕು ಬರಲೆಂದು. ನಾವು ಆ ಕಿಟಕಿಗಳಿಗೆ ಅಡ್ಡವಾಗಿ ಗೋದ್ರೆಜ್ ಕಪಾಟು ನಿಲ್ಲಿಸಿದ್ದೇವೆ. ಅದನ್ನು ಸರಿಸಲು ಡ್ರಿಲ್ ಬೇಡ, ಇಬ್ಬರು ಸಾಕು.

ನನ್ನ ಡ್ರಿಲ್ ಬೇಕಾದವರು ಚಹಾದ ಹೊತ್ತಿಗೆ ಹೆಸರು ಬರೆಸಿ, ದೀಪಾವಳಿಯವರೆಗೆ ಸರದಿಯಂತೆ ಕೊಡುತ್ತೇನೆ. ಮೊದಲ ಸಲ ಹಿಡಿಯುವವರ ಮನೆಗೆ ನಾನೇ ಬರುತ್ತೇನೆ. ಬಿಟ್ ಮುರಿದರೆ ಹೊಸದು ತಂದುಕೊಡಬೇಕು.